ಕಿವಿಗಿಟ್ಟ ಹತ್ತಿ

ಮಗಳು ಆಫೀಸಿನ ಕೆಲಸವನ್ನು ಮತ್ತೆ ಹಿಡಿದ ಮರುವಾರ ನಾನು ಮೊದಲು ಮಾಡಿದ್ದೆಂದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಬಾಗಿಲ ಬೆಲ್ಲಿನ ತಂತಿ ಬಿಚ್ಚಿಸಿದ್ದು. ಅವನು ಸ್ಟೂಲಿನ ಮೇಲೆ ನಿಂತು, ಗುಂಡಿಯನ್ನು ಎರಡು ಸಲ ಒತ್ತಿ ನೋಡಿ, "ಬೆಲ್ ತೋ ಬಿಲ್ಕುಲ್ ಠೀಕ್ ಹೈ ಆಂಟೀಜೀ," ಎಂದ. ಅದು ಸರಿಯಾಗಿರುವುದೇ ತೊಂದರೆ ಎಂದು ನನ್ನ ಹಿಂದಿಯಲ್ಲಿ ತಿಳಿಸಿ ಹೇಳುವುದು ಆಗಲಿಲ್ಲ. "ನಿಕಾಲೋ ಭಯ್ಯಾ, ಬಸ್," ಎಂದೆ.

ದ್ವಾರಕಾದ ಈ ಫ್ಲ್ಯಾಟಿಗೆ ನಾವು ಬಂದದ್ದು ಯಜಮಾನರು ನಿವೃತ್ತರಾದ ಮೇಲೆ. ಅದಕ್ಕೆ ಮುಂಚೆ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸು. ಮಗಳು ಬೆಳೆದದ್ದು ಅಲ್ಲಿ. ಮದುವೆಯಾಗಿ ಗುರುಗ್ರಾಮಕ್ಕೆ ಹೋದಳು, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಚೊಚ್ಚಲು ತವರಿನಲ್ಲೇ ಆಗಬೇಕು ಎನ್ನುವುದು ನಮ್ಮಲ್ಲಿ ಪದ್ಧತಿ; ತವರು ದೆಹಲಿಯಲ್ಲಿದ್ದರೂ ತವರೇ. ಮೆಂತ್ಯ ಹುರಿದು ಪುಡಿ ಮಾಡಿಟ್ಟೆ. ಬಾಣಂತಿ ಖಾರ ಕುಟ್ಟಿಟ್ಟೆ. ಒಗೆದೊಗೆದು ಮೆತ್ತಗಾದ ನನ್ನ ಹಳೆಯ ವಾಯಿಲ್ ಸೀರೆಗಳನ್ನು ಮಗುವಿನ ಬಟ್ಟೆಗೆಂದು ಚೌಕ ಚೌಕವಾಗಿ ಕತ್ತರಿಸಿ, ಬಿಸಿಲಿಗೆ ಹಾಕಿ, ಮಡಿಸಿ ಇಟ್ಟೆ.

ದಿನ ತುಂಬಿತ್ತು. ಹೆಣ್ಣು ಮಗು. ಅಳಲಿಲ್ಲ.

ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ. ಅಳಿಯಂದಿರೂ ಯಜಮಾನರೂ ಅದನ್ನು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಸ್ನಾನ ಮಾಡಿ ಬಂದ ಯಜಮಾನರು ಊರಿನ ನಮ್ಮ ಪುರೋಹಿತರಿಗೆ ಫೋನು ಹಚ್ಚಿ, ಇದಕ್ಕೆ ಹಿಡಿಯಬೇಕಾದದ್ದು ಪುರುಡೋ ಸೂತಕವೋ ಎಂದು ಕೇಳಿದರು. ಹುಟ್ಟಿದರೆ ಪುರುಡು, ಸತ್ತರೆ ಸೂತಕ. ಎರಡರಲ್ಲೂ ದೇವರ ಪೂಜೆ ಇಲ್ಲ, ಗಂಟೆ ಮುಟ್ಟುವಂತಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ. ಫೋನಿನ ದನಿ ನನಗೂ ಕೇಳುತ್ತಿತ್ತು. ಪುರೋಹಿತರು, "ಪುರುಡು. ಹುಟ್ಟಿದೆಯಲ್ಲವೇ ಸ್ವಾಮಿ?" ಎಂದರು.

ನನಗೊಂದು ಅಭ್ಯಾಸವಿದೆ. ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಮಾಡಿದ ಒಂದು ಉಪಕಾರವನ್ನು ನೆನೆಯುತ್ತೇನೆ. ದೊಡ್ಡದೇ ಆಗಬೇಕೆಂದಿಲ್ಲ. ನಲ್ಲಿಯಲ್ಲಿ ನೀರು ಬಂದದ್ದಾದರೂ ಸರಿ. ಆ ಸಂಜೆ ದೀಪ ಹಚ್ಚುವಂತಿರಲಿಲ್ಲ, ದೇವರ ಮನೆ ಬಾಗಿಲು ಎಳೆದಿತ್ತು. ಆದರೂ ಮುಚ್ಚಿದ ಬಾಗಿಲ ಮುಂದೆ ಕೂತು ಇದನ್ನೇ ನೆನೆದೆ: ನಮ್ಮ ಕೂಸನ್ನು ಶಾಸ್ತ್ರ ಹುಟ್ಟಿದ ಮಗು ಎಂದು ಒಪ್ಪಿಕೊಂಡಿತು. ಮಗಳಿಗೆ ಪುರುಡು ಹತ್ತು ದಿನ, ನಮಗೆ ಕಡಿಮೆ. ಒಂದೇ ಮನೆಯಲ್ಲವೇ ಎಂದು ನಾನೂ ಹತ್ತು ದಿನ ಗಂಟೆ ಮುಟ್ಟಲಿಲ್ಲ.

ಮಗು ಇಲ್ಲದಿದ್ದರೂ ಬಾಣಂತಿ ಬಾಣಂತಿಯೇ. ಹಸಿ ಮೈ. ಮೇಲಾಗಿ ದೆಹಲಿಯ ಚಳಿ ಶುರುವಾಗಿತ್ತು, ಬೆಳಿಗ್ಗೆ ಎದ್ದರೆ ಎದುರಿನ ಟವರ್ ಕಾಣದಷ್ಟು ಮಂಜು. ಎಣ್ಣೆ ಹಚ್ಚಿ ಸುಡುಸುಡು ನೀರೆರೆದೆ. ಸಾಂಬ್ರಾಣಿ ಹೊಗೆ ಹಾಕಿದೆ. ಮಗುವಿಗೆಂದು ಕತ್ತರಿಸಿದ್ದ ಬಟ್ಟೆಗಳಲ್ಲಿ ಎರಡನ್ನು ಕೂಡಿಸಿ ಹೊಲಿದು ಅವಳ ತಲೆಗೆ ಕಟ್ಟಿದೆ. ಗಾಳಿ ಹೊಕ್ಕೀತೆಂದು ಎರಡು ಕಿವಿಗೂ ಹತ್ತಿ ಇಟ್ಟೆ. ಅವಳು ಏನೂ ಎನ್ನದೆ ಕೂತು ಮಾಡಿಸಿಕೊಂಡಳು. ಮುಂಚಿನ ಮಗಳಾಗಿದ್ದರೆ, "ಅಮ್ಮಾ, ಇದೆಲ್ಲ ಯಾವ ಕಾಲದ್ದು ಯಾರ್," ಎಂದು ಕುಣಿದಾಡುತ್ತಿದ್ದಳು. ಸುಮ್ಮನೆ ಕೂತಿದ್ದನ್ನು ನೋಡಿಯೇ ನನಗೆ ಹೆಚ್ಚು ಸಂಕಟವಾಯಿತು.

ತಿಂಗಳು ಕಳೆದು ಇನ್ನಷ್ಟು ದಿನವಾಗಿರಬೇಕು, ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದು ಊಟದ ಮೇಜಿನ ಮೇಲೆ ಇಟ್ಟಳು. ರಜೆ ಬೇಕಾದಷ್ಟಿತ್ತು.

"ಇಷ್ಟು ಬೇಗ ಯಾಕೆ ಪುಟ್ಟಿ?" ಎಂದೆ.

"ಆ ರಜೆ ಮಗೂಗೆ ಅಂತ ಕೊಟ್ಟಿದ್ದಲ್ವಾ ಅಮ್ಮ. ಕೂತು ನಾನೇನ್ ಮಾಡ್ಲಿ?" ಎಂದಳು.

ಅವಳ ಕೆಲಸ ಮಾನೇಸರ್‌ನಲ್ಲಿ, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ. ಕಾರಿನ ಬಾಗಿಲು ಮುಚ್ಚಿದಾಗ ಕಟ್ಟೆಂದು ಹಿಡಿದುಕೊಳ್ಳುವ ಲಾಚ್ ಇರುತ್ತದಲ್ಲ, ಅದರ ಡ್ರಾಯಿಂಗ್‌ಗಳನ್ನು ಪರೀಕ್ಷಿಸುವುದು ಅವಳ ಪಾಲಿನದು. ಬೇರೆಯವರು ಬರೆದದ್ದು ಇವಳ ಕಂಪ್ಯೂಟರಿಗೆ ಬರುತ್ತದೆ. ಒಂದೊಂದು ಗೆರೆ, ಒಂದೊಂದು ಅಂಕಿ ನೋಡಿ ಇವಳು ಸರಿ ಎನ್ನಬೇಕು. ಒಮ್ಮೆ ನಾನೂ ಬಗ್ಗಿ ನೋಡಿದೆ. ಬಿಳಿ ಪಂಚೆಯ ಮೇಲೆ ಸಾಸಿವೆ ಚೆಲ್ಲಿದ ಹಾಗಿತ್ತು. ಮೊದಲೆಲ್ಲ ಅವಳು ಆ ಸಾಸಿವೆಯೊಳಗೆ ಹೊಕ್ಕರೆ, ಕಾಫಿ ಪಕ್ಕದಲ್ಲಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ಕೆನೆ ಕಟ್ಟಿದ ಮೇಲೆ ಬೈಸಿಕೊಂಡು ಕುಡಿಯುತ್ತಿದ್ದಳು. ಈಗ ಪರದೆಯ ಮುಂದೆ ಕೂತವಳ ಕಣ್ಣು ಒಂದೇ ಕಡೆ ನೆಟ್ಟಿರುತ್ತಿತ್ತು, ಆದರೆ ಅದು ಓದುವ ಕಣ್ಣಲ್ಲ.

ಮೊದಲ ವಾರದಲ್ಲೇ ಹಳೆಯ ಡ್ರಾಯಿಂಗ್ ಒಂದಕ್ಕೆ ಹೊಸದೆಂದು ತಿಳಿದು ಒಪ್ಪಿಗೆ ಕೊಟ್ಟುಬಿಟ್ಟಳು. ಯಾರೋ ಹಿಡಿದರು, ನಷ್ಟವಾಗಲಿಲ್ಲ. ಅವಳ ಮ್ಯಾನೇಜರು ಒಳ್ಳೆಯ ಮನುಷ್ಯರು. ಫೋನು ಮಾಡಿ, ನೀನು ಆರಾಮ ತಗೋ ಬೇಟಾ, ತಿಂಗಳ ಕೊನೆಯ ರಿವ್ಯೂಗೆ ಹೋಗಬೇಕಾದ ಹೊಸ ಲಾಚನ್ನು ಬೇರೆಯವರಿಗೆ ಕೊಡುತ್ತೇನೆ ಎಂದರಂತೆ. ಆ ಲಾಚು ಮೊದಲಿನಿಂದಲೂ ಇವಳು ನೋಡಿಕೊಂಡು ಬಂದದ್ದು. ಇವಳು, ಬೇಡ ಸರ್, ನಾನೇ ಮುಗಿಸುತ್ತೇನೆ ಎಂದು ಗೋಗರೆದಳು. ಫೋನಿಟ್ಟು ನನ್ನ ಕಡೆ ತಿರುಗಿ ಹೇಳಿದಳು:

"ಫೋಕಸ್ಸೇ ಆಗ್ತಿಲ್ಲ ಅಮ್ಮ. ಒಂದು ಗೆರೆ ನೋಡಿ ಇನ್ನೊಂದಕ್ಕೆ ಹೋಗೋಷ್ಟರಲ್ಲಿ ಮೊದಲನೇದು ಮರೆತಿರುತ್ತೆ. ಇದೂ ಹೋದ್ರೆ ನನ್ನ ಕೈಲಿ ಏನೂ ಉಳಿಯಲ್ಲ."

ಇದನ್ನು ಉಳಿಸಿಕೊಡಬೇಕು ಎಂದುಕೊಂಡೆ. ನನಗೆ ಕಂಪ್ಯೂಟರ್ ತಿಳಿಯದು. ಗಮನ ಕೆಡಿಸುವುದು ಎಂದರೆ ಸದ್ದು ಎನ್ನುವುದಷ್ಟೇ ನನಗೆ ತಿಳಿದದ್ದು. ಮನೆಯಲ್ಲಿ ಯಾರಾದರೂ ಪರೀಕ್ಷೆಗೆ ಓದುವಾಗ ಹೆಂಗಸರು ಏನು ಮಾಡುತ್ತಾರೋ ಅದನ್ನೇ ಮಾಡಿದೆ.

ಬೆಲ್ಲಿನ ತಂತಿ ಹೋಯಿತು. ಕೆಲಸದವಳಿಗೆ ಪಾತ್ರೆಯನ್ನು ಬಾಲ್ಕನಿಯಲ್ಲಿ ತೊಳೆಯಲು ಹೇಳಿದೆ. ಬೇಳೆಯನ್ನು ರಾತ್ರಿಯೇ ನೆನೆಹಾಕಿ ಕುಕ್ಕರ್ ಬಿಟ್ಟು ಪಾತ್ರೆಯಲ್ಲಿ ಬೇಯಿಸತೊಡಗಿದೆ. ಗ್ಯಾಸು ಹೆಚ್ಚು ಹೋದರೂ ಕೂಗುವುದಿಲ್ಲವಲ್ಲ. ಮಿಕ್ಸಿ ಹಾಕುವ ಚಟ್ನಿ ನಿಲ್ಲಿಸಿದೆ. ಯಜಮಾನರ ಟಿವಿಯ ವಿಷಯ ಮಾತ್ರ ಸ್ವಲ್ಪ ಕಷ್ಟವಾಯಿತು. ಬೆಳಿಗ್ಗೆ ನ್ಯೂಸ್ ಇಲ್ಲದೆ ಅವರಿಗೆ ಕಾಫಿ ಇಳಿಯುವುದಿಲ್ಲ.

"ನಾನು ಸರ್ವಿಸಿನಲ್ಲಿದ್ದಾಗ ಒಂದು ಹಾಲಿನಲ್ಲಿ ಮೂವತ್ತು ಜನ ಕೂರ್ತಿದ್ವಿ," ಎಂದರು ಅವರು. "ಟೈಪ್‌ರೈಟರು, ಫೋನು, ಫ್ಯಾನು. ಅದರಲ್ಲೇ ನೋಟ್ ಹಾಕ್ತಿದ್ವಿ. ಒಂದು ಫೈಲ್ ಮುಗಿಸದೆ ಇನ್ನೊಂದು ತೆಗೀತಿರಲಿಲ್ಲ ನಾನು."

"ಅದಕ್ಕೇ ನಿಮ್ಮ ಮೇಜಿನ ಮೇಲೆ ಗುಡ್ಡ ಬೆಳೆದಿರ್ತಿತ್ತು. ಸುಮ್ಮನೆ ಅದನ್ನ ಮ್ಯೂಟ್ ಮಾಡ್ರೀ."

ಮ್ಯೂಟ್ ಮಾಡಿಕೊಂಡು ನೋಡಿದರು. ಪರದೆಯ ಮೇಲೆ ನಾಲ್ಕು ಜನ ಕೈ ಬೀಸಿ ಬಾಯಿ ತೆರೆದು ಜಗಳವಾಡುತ್ತಿದ್ದರು. "ಶಬ್ದ ಇಲ್ದಿದ್ರೂ ಅಷ್ಟೇ ಅರ್ಥ ಆಗುತ್ತೆ ಕಣೇ," ಎಂದು ಪಿಸುಗುಟ್ಟಿದರು. ಆ ದಿನಗಳಲ್ಲಿ ನನಗೆ ನಗು ಬಂದದ್ದು ಅದೊಂದು ಸಲ. ಸಂಜೆ ದೀಪದ ಮುಂದೆ ಅದನ್ನೇ ನೆನೆದೆ.

ದೇವರ ಮನೆಯ ಗಂಟೆಯನ್ನೂ ಎತ್ತಿಟ್ಟೆ. ಪುರುಡು ಮುಗಿದು ಪೂಜೆ ಶುರುವಾಗಿತ್ತು. ಆದರೂ ಮಂಗಳಾರತಿಯನ್ನು ಗಂಟೆಯಿಲ್ಲದೆ ಎತ್ತಿದೆ. ನಾನು ಬಾರಿಸದಿದ್ದರೆ ದೇವರಿಗೇನೂ ಬೇಸರವಿಲ್ಲ, ಅವನೂ ಮಕ್ಕಳೊಂದಿಗನೇ ಎಂದು ಸಮಾಧಾನ ಮಾಡಿಕೊಂಡೆ. ಇಷ್ಟೆಲ್ಲ ಆದ ಮೇಲೂ ಸಾಲದೆಂದು, ಅವಳ ಕಿವಿಯ ಹತ್ತಿಯನ್ನು ಪ್ರತಿದಿನ ಎಣ್ಣೆ ಸ್ನಾನದ ನಂತರ ಹೊಸದಾಗಿ, ಒಂದು ಪಾಲು ಹೆಚ್ಚೇ ಇಟ್ಟೆ. ಶೀತಕ್ಕೂ ಆಯಿತು, ಸದ್ದಿಗೂ ಆಯಿತು.

ಉಳಿದದ್ದು ರಸ್ತೆ. ನಮ್ಮದು ಮೊದಲ ಮಹಡಿ, ಬಾಲ್ಕನಿಯ ಕೆಳಗೆ ಕಾಂಪೌಂಡು, ಅದರಾಚೆಗೇ ದಾರಿ. ತರಕಾರಿಯವನು ಹತ್ತು ಗಂಟೆಗೆ ಬರುತ್ತಾನೆ. ಅವನ ಗಂಟಲು ಗಂಟಲಲ್ಲ, ದೇವಸ್ಥಾನದ ಮೈಕು. "ಆಲೂ ಲೇ ಲೋ, ಗೋಭೀ ಲೇ ಲೋ, ಪಾಲಕ್, ಮೇಥಿ, ಸೋಯಾ ಲೇ ಲೋ!" ಸೋಯಾ ಎಂದರೆ ಇಲ್ಲಿಯವರ ಮಾತಿನಲ್ಲಿ ಸಬ್ಬಸಿಗೆ ಸೊಪ್ಪು. ಮಗಳು ತುಂಬು ಬಸುರಿಯಾಗಿ ಬಾಲ್ಕನಿಯಲ್ಲಿ ನಿಂತಾಗಲೆಲ್ಲ ಅವನು ಮೇಲಕ್ಕೆ ನೋಡಿ ನಗುತ್ತಿದ್ದ. "ಬೇಟೀ ಕೋ ಬಾದ್ ಮೇಂ ಸೋಯಾ ಖಿಲಾನಾ ಆಂಟೀಜೀ, ದೂಧ್ ಅಚ್ಛಾ ಉತರೇಗಾ," ಎಂದು ನನಗೆ ಹೇಳಿದ್ದ. ಬಾಣಂತಿಗೆ ಸಬ್ಬಸಿಗೆ ಕೊಟ್ಟರೆ ಹಾಲು ಚೆನ್ನಾಗಿ ಬರುತ್ತದೆ ಎಂದು ನಮ್ಮಲ್ಲೂ ಹೇಳುತ್ತಾರೆ. ಎಲ್ಲಿಯ ಅವನ ಬಿಹಾರ, ಎಲ್ಲಿಯ ನಮ್ಮೂರು, ಬಾಣಂತಿಯ ವಿಷಯದಲ್ಲಿ ಒಂದೇ ಮಾತು ಎಂದು ನನಗೆ ಆಗ ಖುಷಿಯಾಗಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಕೆಳಗಿಳಿದಿರಲಿಲ್ಲ. ತರಕಾರಿ ಯಜಮಾನರೇ ಮಾರ್ಕೆಟ್ಟಿನಿಂದ ತರುತ್ತಿದ್ದರು. ಹಾಗಾಗಿ ಅವನಿಗೆ ಏನೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಾಲ್ಕನಿಯಿಂದ ಬಗ್ಗಿ ಕೈಸನ್ನೆ ಮಾಡಿ ಕರೆದೆ. "ಭಯ್ಯಾ, ಇಧರ್ ಆವಾಜ್ ಮತ್ ಲಗಾವೋ, ಅಂದರ್..." ಎಂದು, ಇಲ್ಲಿ ಕೂಗಬೇಡ ಎನ್ನಲು ಶುರು ಮಾಡಿದೆ. ಒಳಗೆ ಆಫೀಸಿನ ಕೆಲಸ ನಡೀತಿದೆ ಎನ್ನುವುದಕ್ಕೆ ಹಿಂದಿ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವನ ಮುಖ ಅರಳಿತು.

"ಅಚ್ಛಾ ಅಚ್ಛಾ! ಬಚ್ಚಾ ಸೋ ರಹಾ ಹೈ!" ಎಂದ.

ಮಗು ಮಲಗಿದೆ ಎಂದುಕೊಂಡ. ನಾನು ಬಾಯಿ ತೆರೆಯುವುದರೊಳಗೆ ತುಟಿಯ ಮೇಲೆ ಬೆರಳಿಟ್ಟುಕೊಂಡು, ಇನ್ನೊಂದು ಕೈಯಿಂದ ಆಶೀರ್ವಾದ ಮಾಡಿ, ಗಾಡಿಯ ಚಕ್ರ ಕಿರುಗುಟ್ಟದಂತೆ ನಿಧಾನವಾಗಿ ತಳ್ಳಿಕೊಂಡು ಹೊರಟುಹೋದ. ನಾನು ಬಾಲ್ಕನಿಯ ಕಂಬಿ ಹಿಡಿದು ನಿಂತೇ ಇದ್ದೆ. ಬಿಸಿಲು ಬಂದಿತ್ತೋ ಇಲ್ಲವೋ ನೆನಪಿಲ್ಲ.

ಮರುದಿನದಿಂದ ಹಳೇ ಪೇಪರಿನವನು ನಮ್ಮ ಮನೆಯ ಕೆಳಗೆ ಕೂಗುವುದನ್ನು ನಿಲ್ಲಿಸಿದ. ಹತ್ತಿ ಎಕ್ಕುವವನು ತನ್ನ ಬಿಲ್ಲಿನ ತಂತಿ ಮಿಡಿಯದೆ ಹೋದ. ಎಲ್ಲರಿಗೂ ತರಕಾರಿಯವನೇ ಹೇಳಿರಬೇಕು. ಇಲ್ಲದ ಕೂಸಿನ ನಿದ್ದೆ ಕೆಡದಿರಲಿ ಎಂದು ಇಡೀ ರಸ್ತೆ ತುದಿಗಾಲಿನಲ್ಲಿ ನಡೆಯುತ್ತಿತ್ತು. ಹೇಳಿಬಿಡಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಒಳಗೆ ನೋಡಿದರೆ ಮಗಳು ಪರದೆಯ ಮುಂದೆ ಕೂತಿರುತ್ತಿದ್ದಳು. ಆಗಲಿ, ಅವಳ ರಿವ್ಯೂ ಒಂದು ಮುಗಿಯಲಿ ಎಂದು ಸುಮ್ಮನಾಗುತ್ತಿದ್ದೆ.

ಆದರೆ ಕೆಲಸ ಸಾಗುತ್ತಿರಲಿಲ್ಲ. ಮನೆ ಎಷ್ಟು ಸದ್ದು ಕಳೆದುಕೊಂಡಿತೋ ಅವಳು ಅಷ್ಟು ಹೆಚ್ಚು ಕಲ್ಲಾದಳು. ಮೌಸಿನ ಮೇಲೆ ಕೈ ಇಟ್ಟರೆ ಬೆರಳು ಅಲುಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಬರಿಗಾಲಲ್ಲಿ, ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು, ಓಂಕಾಳಿನ ಬಿಸಿನೀರು ತಂದು ಅವಳ ಪಕ್ಕದಲ್ಲಿಟ್ಟೆ. ಯಜಮಾನರು ಆಚೆ ಕುರ್ಚಿಯಲ್ಲಿ ಮೂಕ ಟಿವಿ ನೋಡುತ್ತಿದ್ದರು. ಅವಳು ತಲೆ ತಿರುಗಿಸದೆ ಕೇಳಿದಳು:

"ಅಮ್ಮಾ, ಮನೇಲಿ ಯಾರೂ ಇಲ್ವಾ?"

"ಇದೀವಲ್ಲೇ. ನಾನು, ಅಪ್ಪ."

"ಮತ್ತೆ ಯಾಕೆ ಯಾರೂ ಮಾತಾಡ್ತಿಲ್ಲ?"

"ನಿನಗೆ ತೊಂದರೆ ಆಗ್ಬಾರ್ದು ಅಂತ ಪುಟ್ಟಿ."

"ಅಲ್ಲೂ ಹೀಗೇ ಇತ್ತು," ಎಂದಳು.

ಎಲ್ಲಿ ಎಂದು ನಾನು ಕೇಳಬಾರದಿತ್ತು, ಕೇಳಿದೆ.

"ಲೇಬರ್ ರೂಮಲ್ಲಿ. ಅವಳು ಬಂದ್ಮೇಲೆ. ಡಾಕ್ಟರ್ ಇದ್ರು, ಸಿಸ್ಟರ್ ಇದ್ರು, ಎಲ್ರೂ ಇದ್ರು ಅಮ್ಮ. ಅಲ್ಲೀತನಕ ಪುಶ್, ಪುಶ್ ಅಂತ ಎಲ್ರೂ ಕೂಗ್ತಿದ್ರು. ಆಮೇಲೆ ಯಾರೂ ಒಂದು ಮಾತಾಡ್ಲಿಲ್ಲ. ಗೋಡೆ ಗಡಿಯಾರದ ಸದ್ದು ಕೇಳಿಸ್ತಿತ್ತು. ನಾನು ಕಾಯ್ತಾ ಇದ್ದೆ. ಈಗ ಅಳುತ್ತೆ, ಈಗ ಅಳುತ್ತೆ ಅಂತ." ಅವಳ ಬೆರಳು ಮೌಸಿನ ಮೇಲೇ ಇತ್ತು. "ಇಷ್ಟು ಸೈಲೆಂಟ್ ಆದ್ರೆ ನಾನು ಮತ್ತೆ ಕಾಯೋಕೆ ಶುರು ಮಾಡ್ತೀನಿ ಅಮ್ಮ. ಕಿವಿ ಅಷ್ಟೇ ಕೆಲಸ ಮಾಡುತ್ತೆ. ಡ್ರಾಯಿಂಗ್ ಎಲ್ಲಿ ಕಾಣ್ಬೇಕು?"

ಹೇಳುತ್ತಲೇ ಎರಡು ಕಿವಿಗಳಿಂದಲೂ ಹತ್ತಿಯನ್ನು ಕಿತ್ತು ಮೇಜಿನ ಮೇಲೆ ಇಟ್ಟಳು.

"ಶೀತ ಆಗುತ್ತೆ ಕಣೇ," ಎಂದೆ. ಬಾಯಿಗೆ ಬಂದದ್ದು ಅಷ್ಟೇ.

"ಆಗ್ಲಿ ಬಿಡು."

ಯಜಮಾನರು ಕುರ್ಚಿಯಿಂದ ಎದ್ದರು. ಏನಾದರೂ ಹೇಳುತ್ತಾರೇನೋ ಎಂದುಕೊಂಡೆ. ಅವರು ರಿಮೋಟ್ ಹುಡುಕಿ ಟಿವಿಯ ಸದ್ದು ಕೊಟ್ಟರು. ಅಲ್ಲಿಯವರೆಗೆ ಬಾಯಿ ಮಾತ್ರ ಅಲ್ಲಾಡಿಸುತ್ತಿದ್ದವರೆಲ್ಲ ಒಮ್ಮೆಲೇ ಕಿರುಚಾಡಿದರು. ಯಜಮಾನರು ಪರದೆಯ ಕಡೆ ಮುಖ ಮಾಡಿಕೊಂಡು, ನಮಗೆ ಬೆನ್ನು ಹಾಕಿ, ಬಹಳ ಹೊತ್ತು ನಿಂತೇ ಇದ್ದರು. ಮಗುವನ್ನು ಹೊತ್ತುಕೊಂಡು ಹೋದ ಮೇಲೆ ಅವರು ಕಣ್ಣೀರು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಆಗಲೂ ಕಾಣಲಿಲ್ಲ, ಹೆಗಲು ಮಾತ್ರ ಕಂಡಿತು.

ಕಿವಿಯಿಂದ ತೆಗೆದ ಹತ್ತಿಯನ್ನು ಕಸಕ್ಕೆ ಹಾಕಿದೆ. ಅಡುಗೆಮನೆಗೆ ಹೋಗಿ ಎತ್ತಿಟ್ಟಿದ್ದ ಕುಕ್ಕರನ್ನು ಶೆಲ್ಫಿನಿಂದ ಕೆಳಗಿಳಿಸಿದೆ.

"ಸಬ್ಜೀವಾಲಾ ಭಯ್ಯಾ ಯಾಕೆ ಈಗ ಬರಲ್ಲ?" ಎಂದು ಅವಳೇ ಅಲ್ಲಿಂದ ಕೇಳಿದಳು.

ಮುಚ್ಚಿಡುವುದು ನನಗೆ ಬರುವುದಿಲ್ಲ. ಬರುತ್ತಾನೆ, ಕೂಗುವುದಿಲ್ಲ ಎಂದೆ. ಯಾಕೆ ಎಂದದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. "ಎಲ್ಲರೂ ಅವಳಿಗೋಸ್ಕರ ಸುಮ್ಮನಿದ್ದಾರಾ?" ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ತನ್ನ ಮಗುವಿಗಾಗಿ ಯಾರಾದರೂ ಏನಾದರೂ ಮಾಡಿದ್ದು ಅವಳಿಗೆ ಅದೇ ಮೊದಲ ಸಲ ತಿಳಿದದ್ದಿರಬೇಕು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಶಾಲು ಹೊದ್ದು ತಾನೇ ಬಾಲ್ಕನಿಗೆ ಹೋದಳು. ನಾನು ಹಿಂದೆ ನಿಂತೆ. ಅವನು ಸದ್ದಿಲ್ಲದೆ ಗಾಡಿ ತಳ್ಳಿಕೊಂಡು ಬರುತ್ತಿದ್ದ.

"ಭಯ್ಯಾ!"

"ಜೀ ದೀದಿ," ಎಂದು ಅವನು ಪಿಸುದನಿಯಲ್ಲಿ ಓಗೊಟ್ಟ.

"ಜೋರ್ ಸೇ ಬೋಲಿಯೇ ನಾ. ಕೋಯೀ ಸೋ ನಹೀಂ ರಹಾ." ಜೋರಾಗಿ ಕೂಗಿ, ಯಾರೂ ಮಲಗಿಲ್ಲ ಎಂದಳು.

"ಉಠ್ ಗಯೀ ಗುಡಿಯಾ?" ಗೊಂಬೆ ಎದ್ದುಬಿಟ್ಟಳಾ ಎಂದು ಅವನು ನಕ್ಕ. ಹೆಣ್ಣು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ನಹೀಂ ಭಯ್ಯಾ," ಎಂದಳು ಮಗಳು. "ಗುಡಿಯಾ ಹೈ ಹೀ ನಹೀಂ. ವೋ ನಹೀಂ ರಹೀ." ಗೊಂಬೆ ಇಲ್ಲವೇ ಇಲ್ಲ, ಅವಳು ಉಳಿಯಲಿಲ್ಲ ಎಂದು ತಾನೇ ಹೇಳಿದಳು.

ಅವನು ಗಾಡಿ ನಿಲ್ಲಿಸಿದ. ತಲೆಗೆ ಸುತ್ತಿದ್ದ ಮಫ್ಲರನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಭಗವಾನ್..." ಎಂದು ಪಿಸುಗುಟ್ಟಿದ. ಅಷ್ಟು ದೊಡ್ಡ ಗಂಟಲಿನ ಮನುಷ್ಯ. ಮಗಳು, "ಆಪ್ ಆವಾಜ್ ಲಗಾಯಿಯೇ," ಎಂದು ಕೂಗಲು ಇನ್ನೊಮ್ಮೆ ಹೇಳಿ ಒಳಗೆ ಬಂದಳು. ಅವನು ಆ ದಿನ ಕೂಗಲಿಲ್ಲ. ನಮ್ಮ ಗೋಡೆ ದಾಟಿ, ತಿರುವಿನ ಆಚೆ ಹೋದ ಮೇಲೂ ಕೂಗಲಿಲ್ಲ.

ರಿವ್ಯೂಗೆ ವಾರವಿತ್ತು. ಮನೆಯ ಸದ್ದುಗಳನ್ನು ಒಂದೊಂದಾಗಿ ಹಿಂದಕ್ಕೆ ಕರೆದೆ. ಮಿಕ್ಸಿಯಲ್ಲಿ ಕಾಯಿಚಟ್ನಿ ತಿರುಗಿತು. ಕೆಲಸದವಳು ಪಾತ್ರೆ ಬಡಿದಳು. ನಾನು ಬತ್ತಿಯ ಹತ್ತಿ ತಂದು ಅವಳ ಮೇಜಿನ ಪಕ್ಕದಲ್ಲೇ ಕೂತು ಹೊಸೆಯತೊಡಗಿದೆ. ಅವಳೇ, ಅಮ್ಮ ನೀನು ಇಲ್ಲೇ ಇರು, ಬಳೆ ಸದ್ದು ಕೇಳ್ತಿರ್ಲಿ ಎಂದಳು. ಮೊದಮೊದಲು ಏನೂ ಬದಲಾಗಲಿಲ್ಲ. ಎರಡನೆಯ ದಿನವೋ ಏನೋ, ಕುಕ್ಕರ್ ಕೂಗಿದಾಗ ಬೆಚ್ಚಿ, "ಇನ್ನೆಷ್ಟು ಕೂಗ್ಬೇಕು?" ಎಂದು ಕೇಳಿದಳು.

"ಬೇಳೆಗೆ ಇನ್ನೆರಡು."

"ಅಷ್ಟರೊಳಗೆ ಈ ಮೂಲೆ ಮುಗಿಸ್ತೀನಿ," ಎಂದು ಬಗ್ಗಿದಳು.

ಅದೇ ಅವಳ ದಾರಿಯಾಯಿತು. ಇಡೀ ಲಾಚನ್ನು ನೋಡಲು ಅವಳ ಕೈಲಾಗುತ್ತಿರಲಿಲ್ಲ, ಒಂದು ಕೂಗಿನಿಂದ ಇನ್ನೊಂದು ಕೂಗಿನವರೆಗೆ ಆಗುತ್ತಿತ್ತು. ಬೇಳೆಯಾದ ಮೇಲೆ ಅನ್ನ, ಅನ್ನವಾದ ಮೇಲೆ ಕಡಲೆಕಾಳು. ಅವಳ ಕೆಲಸ ಸಾಗಲೆಂದು ಬೇಡದ್ದನ್ನೆಲ್ಲ ಬೇಯಿಸಿದೆ. ಆ ವಾರ ನಮ್ಮ ಮನೆಯಲ್ಲಿ ಉಸಳಿ ತಿಂದು ತಿಂದು ಯಜಮಾನರು, "ಇದು ಕಾರಿನ ಕೆಲಸಕ್ಕೋ ಕುದುರೆ ಕೆಲಸಕ್ಕೋ?" ಎಂದು ಕೇಳಿದರು. ಮಗಳು ನಕ್ಕಳು. ಅರ್ಧ ನಗು, ಆದರೂ ನಗು. ಆ ಸಂಜೆ ದೇವರ ಮುಂದೆ ಇಡಲು ನನ್ನ ಬಳಿ ಒಂದು ಸಿಕ್ಕಿತು.

ರಿವ್ಯೂ ದಿನ ತಲೆಯ ಬಟ್ಟೆ ತೆಗೆದು, ಬಾಚಿಕೊಂಡು, ಕುಂಕುಮ ಇಟ್ಟುಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಳು. ಪರದೆಯಲ್ಲಿ ಅನೇಕ ಮುಖಗಳು. ಒಬ್ಬರೂ ಮಗುವಿನ ಮಾತೆತ್ತಲಿಲ್ಲ. ಡ್ರಾಯಿಂಗಿನಲ್ಲಿ ಒಂದು ತೂತು ಇರಬೇಕಾದ ಜಾಗಕ್ಕಿಂತ ಕೂದಲಷ್ಟು ಸರಿದಿತ್ತಂತೆ, ಅದನ್ನು ಇವಳು ಹಿಡಿದಿದ್ದಳಂತೆ. ಹಾಗೆಯೇ ಬಿಟ್ಟಿದ್ದರೆ ಬಾಗಿಲು ಮುಚ್ಚಿದಂತೆ ಕಂಡರೂ ಹಿಡಿದುಕೊಳ್ಳುತ್ತಿರಲಿಲ್ಲವಂತೆ. ಇದೆಲ್ಲ ಅವಳು ಆಮೇಲೆ ಬಿಡಿಸಿ ಹೇಳಿದ್ದು. ಆಗ ನನಗೆ ತಿಳಿದದ್ದು ಮ್ಯಾನೇಜರ ದನಿ ಹಗುರವಾದದ್ದು ಮಾತ್ರ. ಮುಂದಿನದೂ ನೀನೇ ನೋಡು ಎಂದರು. ಬತ್ತಿಯನ್ನು ಮಡಿಲಲ್ಲಿ ಬಿಟ್ಟು ನಾನು ಕೈ ಮುಗಿದೆ.

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಮುಚ್ಚಿದವಳೇ ಮೇಜಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಆಸ್ಪತ್ರೆಯಲ್ಲಿಯೂ ಹಾಗೆ ಅತ್ತಿರಲಿಲ್ಲ.

"ಎಲ್ಲಾ ಚೆನ್ನಾಗೇ ಆಯ್ತಲ್ಲೇ," ಎಂದೆ ಬೆನ್ನು ಸವರುತ್ತ.

"ಅದಕ್ಕೇ ಅಮ್ಮ," ಎಂದಳು. "ಆ ತೂತು ಸಿಕ್ಕಾಗ... ಎಷ್ಟೋ ಹೊತ್ತು ಅವಳು ನನ್ನ ನೆನಪಿಗೇ ಬಂದಿರ್ಲಿಲ್ಲ. ನಾನು ಮರ್ತೇ ಬಿಟ್ಟಿದ್ದೆ. ಇಷ್ಟು ಬೇಗ ಯಾರಾದ್ರೂ ಮರೀತಾರಾ?"

ಆಗ ನನಗೆ ಅರ್ಥವಾಯಿತು. ಇಷ್ಟು ದಿನ ಅವಳ ಗಮನವನ್ನು ಯಾವ ಸದ್ದೂ ಕಸಿದುಕೊಂಡಿರಲಿಲ್ಲ, ನಿಶ್ಶಬ್ದವೂ ಪೂರ್ತಿ ಕಸಿದುಕೊಂಡಿರಲಿಲ್ಲ. ಕೆಲಸದಲ್ಲಿ ಮನಸ್ಸು ನಿಂತರೆ ಮಗು ಕೈಬಿಟ್ಟುಹೋಗುತ್ತದೆ ಎಂದು ಅವಳೇ ಅದನ್ನು ನಿಲ್ಲಗೊಡುತ್ತಿರಲಿಲ್ಲ. ಕೂಸನ್ನು ಇಟ್ಟುಕೊಳ್ಳಲು ಅವಳಿಗೆ ಬೇರೆ ಜಾಗವೇ ಇರಲಿಲ್ಲ.

ನನಗೆ ದೊಡ್ಡ ಮಾತು ಬರುವುದಿಲ್ಲ. ಗೊತ್ತಿದ್ದದ್ದು ಹೇಳಿದೆ. "ನಾನು ಬೆಳಿಗ್ಗೆ ದೇವರ ಮುಂದೆ ನಂದಾದೀಪ ಹಚ್ಚಿಟ್ಟು ಅಡುಗೆಮನೆಗೆ ಬರ್ತೀನಿ. ಒಗ್ಗರಣೆ ಹಾಕುವಾಗ ದೀಪದ ನೆನಪು ಇರುತ್ತಾ? ಇರಲ್ಲ. ನಾನು ನೋಡ್ತಾ ಕೂತಿಲ್ಲ ಅಂತ ಅದೇನು ಆರಿಹೋಗುತ್ತಾ ಪುಟ್ಟಿ? ತಿರುಗಿ ಹೋದ್ರೆ ಅಲ್ಲೇ ಇರುತ್ತೆ."

ಅವಳು ಸಮಾಧಾನವಾದಳು ಎಂದು ಬರೆದರೆ ಸುಳ್ಳಾಗುತ್ತದೆ. ಅತ್ತೇ ಅತ್ತಳು. ಅಂದು ಸಂಜೆ ಮಂಗಳಾರತಿಯ ಹೊತ್ತಿಗೆ ಬಂದು, ಎತ್ತಿಟ್ಟಿದ್ದ ಗಂಟೆಯನ್ನು ತಾನೇ ತೆಗೆದು ಬಾರಿಸಿದಳು. ಬಹಳ ದಿನದ ಮೇಲೆ ಕೇಳಿದ್ದಕ್ಕೋ ಏನೋ, ಆ ಪುಟ್ಟ ಹಿತ್ತಾಳೆ ಗಂಟೆ ಮನೆಗಿಂತ ದೊಡ್ಡದಾಗಿ ಕೇಳಿಸಿತು.

ಚಳಿ ಮುಗಿಯುವ ಮುಂಚೆ ಅವಳು ಗುರುಗ್ರಾಮಕ್ಕೆ ಹೊರಟಳು. ಉಳಿದ ಬಟ್ಟೆಯ ಚೌಕಗಳು ನನ್ನ ಬೀರುವಿನಲ್ಲಿವೆ. ಒರೆಸುವ ಬಟ್ಟೆ ಮಾಡಲು ಕೈ ಬರಲಿಲ್ಲ. ಮಾನೇಸರ್‌ಗೆ ಹೋಗಿ ಬಂದು ಕೆಲಸ ಮಾಡುತ್ತಿದ್ದಾಳೆ. ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ ಎನ್ನುತ್ತಾಳೆ. ಆಗದ ದಿನ ನನಗೆ ಫೋನು ಮಾಡಿ, "ಮಾತಾಡ್ಬೇಡ ಅಮ್ಮ, ಹಾಗೇ ಇಟ್ಟಿರು," ಎಂದು ತನ್ನ ಪಕ್ಕದಲ್ಲಿಟ್ಟುಕೊಳ್ಳುತ್ತಾಳೆ. ನಾನು ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ತರಕಾರಿ ಹೆಚ್ಚುತ್ತೇನೆ, ಕುಕ್ಕರ್ ಇಡುತ್ತೇನೆ. ಮೂರು ಕೂಗು ಅವಳಿಗೆ ಅಲ್ಲಿ ಕೇಳುತ್ತದೆ.

ತರಕಾರಿಯವನು ಕೆಲವು ದಿನ ಆ ಕಡೆಯ ರಸ್ತೆಯಿಂದಲೇ ಹೋಗುತ್ತಿದ್ದ. ಆಮೇಲೆ ಬಂದ. ನಮ್ಮ ಬಾಲ್ಕನಿಯ ಕೆಳಗೆ ಬಂದಾಗ ಮೊದಲಿನ ಹಾಗೆಯೇ ಜೋರಾಗಿ ಕೂಗಿದ. ನಾನು ಬತ್ತಿ ಹೊಸೆಯುತ್ತ ಕೂತಿದ್ದೆ. "ಆಲೂ ಲೇ ಲೋ, ಗೋಭೀ ಲೇ ಲೋ, ಪಾಲಕ್, ಮೇಥಿ ಲೇ ಲೋ!"

ಎದ್ದು ಹೋಗಿ ಬಗ್ಗಿ ನೋಡಿದೆ. ಗಾಡಿಯ ಮೇಲೆ ಸಬ್ಬಸಿಗೆ ಇತ್ತು, ಹಸಿರು ಹಸಿರಾಗಿ, ನೀರು ಚಿಮುಕಿಸಿದ ಕಟ್ಟುಗಳು. ಅವನು ಗೋಡೆ ದಾಟಿ, ಮುಂದಿನ ಸೊಸೈಟಿಯ ಗೇಟಿನವರೆಗೆ ಹೋದ. ಅಲ್ಲಿ ನಿಂತು ಕೂಗಿದ್ದು ನನಗೆ ಚೆನ್ನಾಗಿ ಕೇಳಿಸಿತು. "ಪಾಲಕ್, ಮೇಥಿ, ಸೋಯಾ ಲೇ ಲೋ!"

ದಿನವೂ ಹಾಗೆಯೇ. ನಮ್ಮ ಮನೆಯ ಕೆಳಗೆ ಅದೊಂದು ಸೊಪ್ಪಿನ ಹೆಸರು ಬಿಟ್ಟು ಕೂಗುತ್ತಾನೆ. ನಾನು ಅವನಿಗೆ ಏನೂ ಹೇಳಿಲ್ಲ. ಸಂಜೆ ದೀಪ ಹಚ್ಚಿದಾಗ ದೇವರಿಗೆ ಹೇಳುತ್ತೇನೆ.